ಗಂಡನ ಮಳೆಕೋಟು

ಬೆಳಕು ಹರಿಯುವ ಮೊದಲು ಎರ್ಲಿಂಡಾ ಅಕ್ಕಿ ತೊಳೆದು ಬೇಯಲಿಡುತ್ತಾಳೆ. ಉಪ್ಪಿನಕಾಯಿಯ ತವುಡಿನ ಗಡಿಗೆಗೆ ಮೊಣಕೈವರೆಗೆ ಕೈ ಹಾಕಿ, ಒಳಗೆ ಹುಳಿಯುತ್ತಿರುವ ಸೌತೆ, ಮೂಲಂಗಿಗಳನ್ನು ಮೇಲೆ ಕೆಳಗೆ ಮಾಡುತ್ತಾಳೆ. ಒಂದು ದಿನ ತಪ್ಪಿದರೂ ಅತ್ತೆಯ ಮೂಗಿಗೆ ಗೊತ್ತಾಗುತ್ತದೆ. ಆ ಅತ್ತೆಯನ್ನು ಎಬ್ಬಿಸಿ, ಕಕ್ಕಸಿಗೆ ಕರೆದೊಯ್ದು, ಒರೆಸಿ, ಮತ್ತೆ ಮಲಗಿಸುತ್ತಾಳೆ. ಕಾಗೆಗಳು ಏಳುವ ಮೊದಲೇ ಕಸದ ಚೀಲವನ್ನು ರಸ್ತೆ ಬದಿಯ ಬಲೆಯ ಕೆಳಗೆ ತೂರಿಸಿ, ಬರುವಾಗ ಬದುವಿನ ಹುಲ್ಲನ್ನು ಒಂದಿಷ್ಟು ಸವರಿ ಬರುತ್ತಾಳೆ. ಅನ್ನದ ಮೊದಲ ತುತ್ತನ್ನು ಗಂಡನ ಮನೆಯ ತೀರಿಹೋದ ಹಿರಿಯರ ಪೀಠದ ಮುಂದಿಟ್ಟು ಗಂಟೆ ಬಾರಿಸುತ್ತಾಳೆ. ಇಷ್ಟೆಲ್ಲ ಆದ ಮೇಲೆ ಹಳ್ಳಿಯ ಧ್ವನಿವರ್ಧಕ ಆರು ಗಂಟೆಯ ಹಾಡು ಹಾಡುತ್ತದೆ. ಗಂಡ ಶೋಜಿ ಆಕಳಿಸಿ, ಬೆಳಗಾಯಿತೇ ಎಂದು ಕೇಳುತ್ತಾನೆ.

ಫಿಲಿಪ್ಪೀನ್ಸಿನ ಇಲೊಯ್ಲೊದಿಂದ ಜಪಾನಿನ ಯಮಗಾತಾದ ಈ ಬೆಟ್ಟದ ಹಳ್ಳಿಗೆ ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ಊರಿನ ಬಾಯಲ್ಲಿ ಅವಳು ಇವತ್ತಿಗೂ ಸುಗವಾರ ಮನೆ ಸೊಸೆ.

ಜೂನ್ ತಿಂಗಳಲ್ಲಿ ಹನ್ನೊಂದು ಮನೆಯ ಗದ್ದೆಗಳಿಗೂ ಒಂದೇ ತೊರೆ. ಸರದಿಯ ಗುರುತಾದ, ದಾರ ಕಟ್ಟಿದ ನೀರಿನ ಹಲಗೆ ಬಾಗಿಲಿಗೆ ಬಂದು ತೂಗಿದ ಮನೆಯವರು ಮರುದಿನ ಮೂರೂವರೆಗೆ ಎದ್ದು, ಮೇಲಿನ ತೂಬು ತೆಗೆದು, ಎಲ್ಲರ ಗದ್ದೆಗೂ ನೀರು ಬಿಟ್ಟು, ಕಡೆಗೆ ತಮ್ಮದಕ್ಕೆ ಬಿಟ್ಟುಕೊಳ್ಳಬೇಕು. ಸರದಿ ಮಾಡದ ಮನೆಗೆ ನೀರಿನ ಹಕ್ಕಿಲ್ಲ. ಮುಂದಿನ ವರ್ಷ ಗದ್ದೆ ಬೇರೆಯವರ ಉಳುಮೆಗೆ. ಸರದಿ ಗಂಡಸರದು. ಹೆಂಗಸರ ಪಾಲಿಗೆ ಒಂಬತ್ತು ಗಂಟೆಗೆ ಚಹಾ ಒಯ್ಯುವ ಕೆಲಸ.

ಆದರೆ ಕಳೆದೆರಡು ವರ್ಷ ಶೋಜಿಗೆ ಸೊಂಟನೋವು. ಅವನ ಮಳೆಕೋಟು ತೊಟ್ಟು, ಮುಖಕ್ಕೆ ಟವೆಲು ಸುತ್ತಿ ತೂಬಿಗೆ ಹೋದವಳು ಎರ್ಲಿಂಡಾ. ನೀರನ್ನು ಶೋಜಿಯಷ್ಟು ಸಮನಾಗಿ ಹಂಚುವವನು ಇನ್ನೊಬ್ಬನಿಲ್ಲ ಎಂದು ನೀರಿನ ಯಜಮಾನ ಗೆಂಜೊ ಎಲ್ಲರೆದುರು ಹೊಗಳಿದ್ದ. ಶೋಜಿ ಕತ್ತು ತುರಿಸಿಕೊಂಡು ಹೊಗಳಿಕೆಯನ್ನು ಸಾಕೆ ಮದ್ಯದ ಜೊತೆಗೇ ನುಂಗಿದ್ದ.

ಈ ವರ್ಷ ಅವನು ಊರೆಲ್ಲ ನೋಡುತ್ತಿರುವಾಗಲೇ ಚೆರಿ ಹಣ್ಣು ಕೀಳುವ ಏಣಿಯಿಂದ ಬಿದ್ದ. ಕಾಲಿಗೆ ಪ್ಲಾಸ್ಟರು.

ನಿನ್ನೆ ಸಂಜೆ ಗೆಂಜೊ ಹಲಗೆ ಹಿಡಿದೇ ಬಂದು ಹೊಸ್ತಿಲ ಮೆಟ್ಟಿಲ ಮೇಲೆ ಕೂತ. ಈ ಸಲ ಇವರ ಮನೆ ಬಿಟ್ಟು ಹಲಗೆಯನ್ನು ಮುಂದಕ್ಕೆ ಕೊಡುವುದೆಂದೂ, ಗದ್ದೆಯನ್ನು ಬರುವ ವರ್ಷದಿಂದ ತಾನೇ ನೋಡಿಕೊಳ್ಳುವೆನೆಂದೂ ಉಪಕಾರ ಮಾಡುವವನ ಹಾಗೆ ಹೇಳಿದ.

ಎರ್ಲಿಂಡಾ ಚಹಾ ಇಟ್ಟಳು. "ನಾನು ಹೋಗ್ತೀನಲ್ಲ, ಗೆಂಜೊ ಅಣ್ಣ."

ಗೆಂಜೊ ನಕ್ಕ. "ಮೂರೂವರೆಗೆ ಏಳ್ಬೇಕಮ್ಮ, ಬೆಚ್ಚಗಿನ ಹಾಸಿಗೆ ಬಿಟ್ಟು."

"ಅವಳು ಹಾಸಿಗೆ ಕಂಡಿದ್ದು ಯಾವಾಗ, ಕೇಳು," ಎಂದಳು ಒಳಕೋಣೆಯಿಂದ ಅತ್ತೆ ತೋಮಿ. ಕೊಂಕೋ ಕನಿಕರವೋ, ಎರ್ಲಿಂಡಾಗೂ ತಿಳಿಯಲಿಲ್ಲ.

ಬಿದ್ದರೂ ಮೀಸೆ ಮಣ್ಣಾಗದ ಜಟ್ಟಿ ಶೋಜಿ. ಕಾಲು ಪರವಾಗಿಲ್ಲ, ನಾಳೆ ತಾನೇ ಬರುವೆ, ಹಲಗೆ ಇಟ್ಟುಹೋಗು ಎಂದುಬಿಟ್ಟ. ಗೆಂಜೊ ಪ್ಲಾಸ್ಟರನ್ನು ನೋಡಿದ, ಹಲಗೆಯನ್ನು ನೋಡಿದ. ನಾಲ್ಕಕ್ಕೆ ತೂಬಿನ ಹತ್ತಿರ ಬಂದು ನೋಡುತ್ತೇನೆ ಎಂದು ಹಲಗೆಯನ್ನು ಬಾಗಿಲಿಗೆ ತೂಗುಹಾಕಿ ಹೋದ.

ಅವನ ಹೆಜ್ಜೆ ಸದ್ದು ಅಡಗಿದ ಮೇಲೆ ಶೋಜಿ ದನಿ ತಗ್ಗಿಸಿದ. "ಹೋದ ವರ್ಷದ ಹಾಗೇನೇ. ನನ್ ಕೋಟು ಹಾಕ್ಕೋ. ದೂರದಿಂದ್ಲೇ ಕೈ ಎತ್ತು, ಮಾತಾಡ್ಬೇಡ. ಸ್ವಲ್ಪ ಕುಂಟ್ಕೊಂಡು ನಡಿ."

"ನಿಮ್ ಬದ್ಲು ಕುಂಟೋದೂ ನಾನೇನಾ?"

ಅವನು ಗೋಡೆಯ ಕಡೆ ಮಗ್ಗುಲಾದ.

ಮೂರು ಗಂಟೆಗೆ ಎದ್ದು ಅಕ್ಕಿ, ತವುಡು, ಅತ್ತೆ, ಎಲ್ಲ ಮುಗಿಸಿ ಎರ್ಲಿಂಡಾ ಹೊಸ್ತಿಲಿಗೆ ಬಂದಳು. ಗೂಟದಲ್ಲಿ ಕೋಟು ತೂಗುತ್ತಿತ್ತು. ಅದರ ಮೊಣಕೈಗೆ ತೇಪೆ ಹಾಕಿದವಳು ಅವಳು. ಅಂಚಿಗೆ ಮೆತ್ತಿದ ಕೆಸರು ಅವಳು ತುಳಿದದ್ದು. ತೊಟ್ಟು ಹೋದರೆ ಗದ್ದೆ ಉಳಿಯುತ್ತದೆ, ಶೋಜಿಯ ಹೆಸರಿಗೆ ಇನ್ನೊಂದು ಹೊಗಳಿಕೆ ಸೇರುತ್ತದೆ. ಬರುವ ವರ್ಷವೂ ಕುಂಟಬೇಕು, ಅದರಾಚೆಯ ವರ್ಷವೂ. ತೊಡದೆ ಹೋದರೆ ಗೆಂಜೊ ಅಲ್ಲೇ ಹಲಗೆ ಕಿತ್ತುಕೊಂಡಾನು, ಗದ್ದೆಯೂ ಹೋದೀತು.

ಅತ್ತೆಗೂ ಮತ್ತೆ ನಿದ್ದೆ ಹತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಎಚ್ಚರವಿರಲಿಲ್ಲ. ಯಾರನ್ನೂ ಕೇಳಬೇಕಾಗಿಯೂ ಇರಲಿಲ್ಲ.

ಕೈಗೆತ್ತಿಕೊಂಡ ಕೋಟನ್ನು ಅವಳು ಮತ್ತೆ ಗೂಟಕ್ಕೆ ಹಾಕಿದಳು. ಕಳೆ ಕೀಳುವಾಗ ಕಟ್ಟುವ, ನೇರಳೆ ಹೂವಿನ ತನ್ನ ಟೋಪಿಯನ್ನು ಗದ್ದದ ಕೆಳಗೆ ಬಿಗಿದು ಕಟ್ಟಿದಳು. ಆಚೆ ಗುಡ್ಡದಿಂದಲೂ ಹೆಂಗಸೆಂದು ಗೊತ್ತಾಗುವ ಟೋಪಿ ಅದು. ಬಾಗಿಲ ಹಲಗೆಯನ್ನು ಕಳಚಿ ಕೊರಳಿಗೆ ಹಾಕಿಕೊಂಡು, ಗುದ್ದಲಿ ಹೆಗಲಿಗೇರಿಸಿ, ತೂಬಿನ ದಾರಿಯಲ್ಲಿ ನೆಟ್ಟಗೆ ನಡೆದಳು.