ಮಳೆಗಾಲದಲ್ಲೂ ಎಸಿ ಬೇಕೆನ್ನುವ ಮರುಳಸಿದ್ದಪ್ಪ

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮರುಳಸಿದ್ದಪ್ಪ ಟ್ಯಾಕ್ಸಿಯೊಂದರ ಬಾನೆಟ್ ಎತ್ತಿ, ಎಸಿಯ ಪೈಪುಗಳಿಗೆ ಸೋಪಿನ ನೊರೆ ಹಚ್ಚುತ್ತಿದ್ದಾರೆ. ಒಂದು ಜಾಯಿಂಟಿನ ಬಳಿ ನೊರೆ ಸಣ್ಣಗೆ ಉಬ್ಬುತ್ತದೆ. ಗ್ಯಾಸ್ ಸೋರುತ್ತಿರುವುದು ಅಲ್ಲೇ. ಡ್ರೈವರ್ ಸೀತಾರಾಮನಿಗೆ ಅವಸರ. ಮಂಗಳೂರಿಗೆ ಬಾಡಿಗೆ ಇದೆ.

"ಮಳೆ ಹಿಡಿದ ಮೇಲೆ ಎಸಿ ಎಂತಕ್ಕೆ ಮಾರಾಯ್ರೆ? ಬೆಲ್ಟ್ ಬಿಚ್ಚಿಬಿಡಿ, ಡೀಸೆಲ್ಲಾದ್ರೂ ಉಳೀತದೆ" ಎನ್ನುತ್ತಾನೆ.

"ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಹೇಳು" ಎನ್ನುವ ಮರುಳಸಿದ್ದಪ್ಪ ತಲೆ ಎತ್ತುವುದಿಲ್ಲ.

ಕಡಹಿನಬೈಲಿನ ಇವರು ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಕೊಪ್ಪಕ್ಕೆ ಬಂದಾಗ ಊರು ನಕ್ಕಿತ್ತು. ಮಲೆನಾಡಿನಲ್ಲಿ ಕಾರಿನ ಎಸಿ ರಿಪೇರಿ ಎಂದರೆ ಹೊಳೆದಂಡೆಯಲ್ಲಿ ಕೂತು ನೀರು ಮಾರಿದ ಹಾಗಲ್ಲವೇ? ಈಗ ಸುತ್ತಲ ಮೂರು ತಾಲೂಕಿಗೆ ಈ ಕೆಲಸ ಬಲ್ಲವರು ಇವರೊಬ್ಬರೇ. ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಗಾಡಿ ಬರುತ್ತವೆ. ಮಳೆಗಾಲದಲ್ಲಿ ವಾರಕ್ಕೊಂದು ಬಂದರೆ ಹೆಚ್ಚು. ಆಗ ಪಂಕ್ಚರ್ ಹಾಕಿ ಸಂಸಾರ ತೂಗಿಸುತ್ತಾರೆ. ಚಿಮ್ಮಿದ ಗ್ಯಾಸಿನ ಕೊರೆಯುವ ತಂಪಿಗೆ ಬೆರಳ ತುದಿಗಳು ಸುಟ್ಟು ಬಿಳಿಚಿಕೊಂಡಿವೆ.

ಮಳೆ ಶುರುವಾದೊಡನೆ ಎಸಿ ಓಡಿಸುವ ಕಂಪ್ರೆಸರಿನ ಬೆಲ್ಟ್ ಬಿಚ್ಚಿಸಿ ಡಿಕ್ಕಿಗೆ ಹಾಕಿಕೊಳ್ಳುವುದು ಇಲ್ಲಿನ ಡ್ರೈವರುಗಳ ವಾಡಿಕೆ. ಎಸಿ ಇರುವುದು ಸೆಕೆಗೆ ಮಾತ್ರ ಎಂಬ ಲೆಕ್ಕ. 2001ರ ಆಷಾಢದಲ್ಲಿ ಅಕ್ಕ ನೀಲಾಂಬಿಕೆಯ ಗಂಡ ಕಲ್ಲೇಶಪ್ಪನವರು ಕೇಳಿದಾಗ ಅವರ ಟ್ಯಾಕ್ಸಿಯ ಬೆಲ್ಟನ್ನೂ ಮರುಳಸಿದ್ದಪ್ಪನವರೇ ಬಿಚ್ಚಿಕೊಟ್ಟಿದ್ದರು. ಅದೇ ವಾರ, ಶೃಂಗೇರಿಗೆ ಯಾತ್ರಿಕರನ್ನು ಬಿಟ್ಟು ಒಬ್ಬರೇ ವಾಪಸು ಬರುವಾಗ, ಹರಿಹರಪುರದ ಹತ್ತಿರದ ತಿರುವಿನಲ್ಲಿ ಗಾಡಿ ಮರಕ್ಕೆ ಬಡಿಯಿತು. ಕಲ್ಲೇಶಪ್ಪ ಅಲ್ಲೇ ತೀರಿಕೊಂಡರು.

"ಗಾಜಿಗೆ ಒಳಗಿಂದ ಮಬ್ಬು ಕಟ್ಟಿತ್ತು. ಎಸಿ ಹಾಕಿದ್ರೆ ಒಂದೇ ನಿಮಿಷದಲ್ಲಿ ಬಿಡ್ತಿತ್ತು. ಎಲ್ಲಿ ಹಾಕೋದು, ಬೆಲ್ಟ್ ಡಿಕ್ಕೀಲಿತ್ತಲ್ಲ" ಎನ್ನುತ್ತಾ ಮರುಳಸಿದ್ದಪ್ಪ ಸ್ಪ್ಯಾನರ್ ಕೆಳಗಿಡುತ್ತಾರೆ. "ಒಂದು ಕೈಲಿ ಸ್ಟೇರಿಂಗು, ಇನ್ನೊಂದರಲ್ಲಿ ಗಾಜು ಒರೆಸೋ ಬಟ್ಟೆ. ನಾವು ಹೋಗಿ ನೋಡುವಾಗ ಬಟ್ಟೆ ಭಾವನ ಮುಷ್ಟೀಲೇ ಇತ್ತು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಅಂದಿನಿಂದ ಮಳೆಗಾಲದಲ್ಲಿ ಒಂದು ಗಾಡಿಯ ಬೆಲ್ಟನ್ನೂ ಬಿಚ್ಚಿಲ್ಲ. ಒಳಗಿನ ತೇವ ಎಳೆದು ಗಾಜು ತಿಳಿ ಮಾಡುವುದು ಎಸಿಯೇ, ತಿಂಗಳುಗಟ್ಟಲೆ ನಿಲ್ಲಿಸಿದರೆ ಸೀಲು ಒಣಗಿ ಗ್ಯಾಸ್ ಸೋರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದವರು ಕಡಿಮೆ. ಪಕ್ಕದ ಗ್ಯಾರೇಜಿಗೆ ಹೋಗಿ ಬಿಚ್ಚಿಸಿಕೊಂಡವರೇ ಜಾಸ್ತಿ.

ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಈ ಮನುಷ್ಯನ ಎದೆ ಸ್ವಲ್ಪವಾದರೂ ಹಗುರಾಗುತ್ತಿತ್ತು. ಅಕ್ಕನ ಮಗ ವೀರೇಶ್ ಈಗ ಅದೇ ಶೃಂಗೇರಿ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಅವನ ಗಾಡಿಯ ಎಸಿ ಕೆಟ್ಟು ಎರಡು ವರ್ಷವಾಗಿದೆ. ಸರಿಮಾಡಿ ಕೊಡುತ್ತೇನೆಂದು ಮರುಳಸಿದ್ದಪ್ಪ ತಾವಾಗಿಯೇ ಮನೆ ಬಾಗಿಲಿಗೆ ಹೋಗಿದ್ದರು. "ಅಪ್ಪನ ಗಾಡಿ ಮುಟ್ಟಿದ ಕೈ ನನ್ನ ಗಾಡಿಗೆ ಬೇಡ ಮಾವ" ಎಂದು ಹುಡುಗ ಬಾನೆಟ್ಟಿಗೆ ಅಡ್ಡ ನಿಂತ. ತಪ್ಪು ಅವನದೆನ್ನಲು ಬಾಯಿ ಬರುವುದಿಲ್ಲ.

ಸೀತಾರಾಮನ ಗಾಡಿಯ ಸೋರಿಕೆ ನಿಲ್ಲಿಸಿ, ಗ್ಯಾಸ್ ತುಂಬಿ ಕಳಿಸಿದ ಮೇಲೆ ಮರುಳಸಿದ್ದಪ್ಪ ಕೈ ಒರೆಸಿಕೊಂಡು ರಸ್ತೆಬದಿಗೆ ಬರುತ್ತಾರೆ. ಮಳೆ ಹಿಡಿದರೆ ದಿನಾ ಬೆಳಿಗ್ಗೆ ಹೀಗೆ ಬಂದು ನಿಲ್ಲುತ್ತಾರೆ. ಗೊತ್ತಿಲ್ಲದವರು ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಳ್ಳಬೇಕು. ವೀರೇಶನ ಗಾಡಿ ಬರುತ್ತದೆ. ಗಾಜು ಬೆಳ್ಳಗೆ ಮಬ್ಬಾಗಿದೆ. ಅದರ ಹಿಂದೆ ಒಂದು ಕೈ ಬಟ್ಟೆ ಹಿಡಿದು ಒರೆಸುತ್ತಿದೆ. ಗಾಡಿ ನಿಲ್ಲದೆ ಶೃಂಗೇರಿ ಕಡೆಗೆ ಹೊರಟುಹೋಗುತ್ತದೆ.

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಮರುಳಸಿದ್ದಪ್ಪ ನೋಡುತ್ತಾರೆ.

"ನನ್ನ ಕೈಯೇ ಆಗ್ಬೇಕು ಅಂತಿಲ್ಲ" ಎನ್ನುತ್ತಾರೆ ಕಡೆಗೆ. "ಶಿವಮೊಗ್ಗಕ್ಕೇ ಹೋಗಿ ಮಾಡಿಸ್ಲಿ. ನನ್ನ ಹತ್ರ ಮಾತೂ ಆಡೋದು ಬೇಡ. ಅವನಿಗೆ ಎದುರಿನ ತಿರುವು ಕಂಡ್ರೆ ಸಾಕು."