ಬಲೂನಿನ ಬುಟ್ಟಿಗೆ ಹಾಕಿದ ತೇಪೆ

ಮೊನ್ನೆ ಬಸಣ್ಣನ ಹೋಟೆಲಿನಿಂದ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಎಣ್ಣೆ ಹೀರಿದ ಕಾಗದ ಬಿಡಿಸಿದರೆ ಅದರಲ್ಲೊಂದು ಬಣ್ಣದ ಬಲೂನು! ಹಂಪಿಗೆ ಬರುವವರಿಗೆ ಹಂಚುವ ಚೀಟಿಯಂತೆ. 'ಬಿಸಿಗಾಳಿ ಬಲೂನಿನ ಹಾರಾಟದಲ್ಲಿ ಏನೇನು ನಿರೀಕ್ಷಿಸಬಹುದು' ಎಂದು ಮೇಲೆ ದಪ್ಪ ಅಕ್ಷರ, ಕೆಳಗೆ ಉದ್ದನೆಯ ಪಟ್ಟಿ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಆದರೂ ಓದುತ್ತೇನೆ. ಓದಿದವರು ಹಾರಿಸಿಕೊಂಡು ಹೋಗುವ ಸಾಲುಗಳಲ್ಲೂ ನಿಂತು ಓದುತ್ತೇನೆ. ಹಗುರವಾದ ತಿಂಡಿ ತಿಂದು ಬರಬೇಕಂತೆ. ಹತ್ತಿಯ ಬಟ್ಟೆ ತೊಡಬೇಕಂತೆ. ಮೇಲೆ ಹೋದಮೇಲೆ ಪರಮ ಶಾಂತಿಯನ್ನು ಅನುಭವಿಸಬೇಕಂತೆ.

"ಒಬ್ರೇ ಯಾಕ ನಗಾಕತ್ತೀರಿ?" ಎಂದಳು ಹೆಂಡತಿ ಹುಲಿಗೆವ್ವ.

"ಮ್ಯಾಲ ಭಾಳ ಶಾಂತಿ ಐತಂತ."

"ಹಂಗಾದ್ರ ಹೋಗಿಬರ್ರಿ. ನೀವು ಅತ್ತ ಹೋದ್ರ ನನಗ ಇಲ್ಲೇ ಶಾಂತಿ."

ಹೋಗಿ ಬಂದವನೇ ನಾನು. ಈ ಚೀಟಿ ಬರೆದ ಮಹಾಶಯ ಹೋಗಿಲ್ಲವೆಂದು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ.

ನನ್ನ ಕಸುಬು ಹರಿಗೋಲು ಹೆಣೆಯುವುದು. ಕಂಪ್ಲಿಯ ಹೊಳೆದಂಡೆಯಲ್ಲಿ ಅಪ್ಪನ ಕೈಕೆಳಗೆ ಕಲಿತದ್ದು. ಬಿದಿರನ್ನು ಸೀಳಿ ದಬ್ಬೆ ಮಾಡಿ, ಮೂರು ದಿನ ಹೊಳೆಯಲ್ಲಿ ನೆನೆಹಾಕಬೇಕು. ನೆನೆಯದ ದಬ್ಬೆ ಬಗ್ಗುತ್ತದೆ, ಬಗ್ಗಿದಂತೆ ನಟಿಸುತ್ತದೆ, ಭಾರ ಬಿದ್ದ ದಿನ ಕೈಕೊಡುತ್ತದೆ. ಹೆಣೆದು ಡಾಂಬರು ಹಚ್ಚಿದ ಮೇಲೆ ನಮ್ಮಲ್ಲೊಂದು ಕಟ್ಟಳೆಯುಂಟು. ಹೆಣೆದವನೇ ಮೊದಲು ಅದರಲ್ಲಿ ಕುಳಿತು ನಡುಹೊಳೆಗೆ ಹೋಗಬೇಕು, ಎದ್ದು ನಿಂತು ಕುಣಿಯಬೇಕು. ಒಂದು ದಬ್ಬೆ 'ಟಕ್' ಎಂದರೂ ದಂಡೆಗೆ ತಂದು, ಎಲ್ಲರ ಎದುರಿಗೆ, ತನ್ನ ಕೈಯಾರೆ ಕೊಯ್ದು ಬಿಚ್ಚಬೇಕು. ಅಪ್ಪ ಹಾಗೆ ಎರಡು ಸಲ ಬಿಚ್ಚಿದ್ದನ್ನು ಕಂಡಿದ್ದೇನೆ. ಆ ದಿನ ಅವನೊಂದಿಗೆ ಯಾರೂ ಮಾತಾಡುತ್ತಿರಲಿಲ್ಲ, ಮರುದಿನ ಎಲ್ಲರೂ ಅವನ ಹತ್ತಿರವೇ ಬರುತ್ತಿದ್ದರು.

ಅದಿರಿನ ಕಾಲ ನಿಮಗೆ ನೆನಪಿರಬಹುದು. ಸಂಡೂರಿನ ಗುಡ್ಡ ಲಾರಿಯೇರಿ ಹೊರಟಿತ್ತು. ಹೊಸಪೇಟೆಯ ದಾರಿಯಲ್ಲಿ ಬೇವಿನಮರಕ್ಕೂ ಕೆಂಪು, ಎಮ್ಮೆಗೂ ಕೆಂಪು, ಮದುವೆಗೆ ಹೊರಟವರ ಬಿಳಿ ಅಂಗಿಗೂ ಕೆಂಪು. ನಿನ್ನೆ ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳುತ್ತಿದ್ದವರು ಇಂದು ಧಣಿಗಳಾಗಿ, ನಾಳೆ ಏನು ಕೊಳ್ಳುವುದೆಂದು ತೋಚದೆ ಒದ್ದಾಡುತ್ತಿದ್ದರು. ಅಂಥವರಲ್ಲೊಬ್ಬ ತನ್ನ ತಾಯಿಗೆ ಎಂಬತ್ತು ತುಂಬಿತೆಂದು ಎಲ್ಲಿಂದಲೋ ಬಲೂನು ತರಿಸಿದ. ಹೆಸರು ಬೇಡ ಬಿಡಿ, ಆಗ ಗಲ್ಲಿಗೊಬ್ಬರಿದ್ದರು. ತಾನು ತೋಡಿದ ಗುಡ್ಡವನ್ನು ಹೆತ್ತವಳಿಗೆ ಆಕಾಶದಿಂದ ತೋರಿಸಬೇಕೆಂಬ ಹಂಬಲ ಅವನದು. ಬಲೂನು ಬಂತು. ಆದರೆ ಅವನದೇ ಲಾರಿಗಳು ಕೆಡಿಸಿದ ರಸ್ತೆಯ ಗುಂಡಿಗೆ ಬಿದ್ದು, ಜನ ನಿಲ್ಲುವ ಬೆತ್ತದ ಬುಟ್ಟಿಯ ಒಂದು ಮೂಲೆ ಜಜ್ಜಿಹೋಯಿತು. ನಗಬೇಕೆನಿಸಿದರೆ ನಗಿ, ನಾನೂ ನಕ್ಕಿದ್ದೆ.

ಕಪ್ಪು ಕನ್ನಡಕದ ಮ್ಯಾನೇಜರನೊಬ್ಬ ಜೀಪಿನಲ್ಲಿ ಕಂಪ್ಲಿಗೆ ಬಂದ.

"ಏ, ಬುಟ್ಟಿ ಹೆಣೆಯೋನು ನೀನೇ ಏನಲೇ?"

"ಬುಟ್ಟಿ ಹೆಣೆಯೋರು ಸಂತ್ಯಾಗ ಸಿಗ್ತಾರ. ನಾನು ಹರಿಗೋಲಿನವ. ಕನ್ನಡಕ ತಗದು ಮಾತಾಡ್ರಿ."

ಅವನು ತೆಗೆದ. ನನಗೆ ಅಷ್ಟೇ ಸಾಕಾಗಿತ್ತು. ಜಜ್ಜಿದ ಮೂಲೆಗೆ ತೇಪೆ ಹಾಕುವುದು ನಾಡಿದ್ದು ಬೆಳಿಗ್ಗೆಗೆ ಆಗಬೇಕು, ಜಲ್ದಿ ಅಂದ. ಮೂರು ದಿನ ನೆನೆಯಬೇಕಾದ ದಬ್ಬೆಯನ್ನು ಒಂದೇ ರಾತ್ರಿ ನೆನೆಹಾಕಿ ಜೀಪು ಹತ್ತಿದೆ. ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಕನ್ನಡಕ ತೆಗೆಸಿದ ಮೇಲೆ ಆಗುವುದಿಲ್ಲ ಎನ್ನಲು ನಾಲಿಗೆ ಹೇಗೆ ಹೊರಳೀತು?

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಪಕ್ಕದ ಬಯಲು. ಬಲೂನು ಎಲ್ಲಿಗೂ ಓಡಿಹೋಗದಂತೆ ಹಗ್ಗಗಳಿಂದ ನಾಲ್ಕು ಟಿಪ್ಪರ್ ಲಾರಿಗಳಿಗೆ ಬಿಗಿದಿದ್ದರು. ಹಾರುವ ವಸ್ತುವನ್ನು ಅದಿರಿನ ಲಾರಿಗೆ ಕಟ್ಟಿಹಾಕುವ ಬುದ್ಧಿ ಆ ಕಾಲಕ್ಕಷ್ಟೇ ಹೊಳೆಯಬಹುದಾದದ್ದು. ಶಾಮಿಯಾನ, ಬ್ಯಾಂಡು, ಇಸ್ತ್ರಿಯ ಬಿಳಿ ಬಟ್ಟೆ ತೊಟ್ಟು ಸಾಲಾಗಿ ಕುಳಿತ ಗಣ್ಯರು. ಯಾರಿಗೂ ಮೇಲೆ ಹೋಗುವ ಧೈರ್ಯವಿಲ್ಲ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಧೈರ್ಯ ಮಾತ್ರ ಧಾರಾಳ. ಬಲೂನು ಹಾರಿಸುವವನು ಉತ್ತರದ ಕಡೆಯ ಹಿಂದಿಯವ. ನನ್ನ ತೇಪೆಯನ್ನು ಬೂಟುಗಾಲಿನಿಂದ ಎರಡು ಸಲ ಒದ್ದು ತಲೆಯಾಡಿಸಿದ.

"ಅಮ್ಮಾ, ಬರ್ರಿ, ಹತ್ರಿ," ಎಂದ ಧಣಿ.

ಮುದುಕಿ ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಿದ್ದಳು. "ನೀ ಗುಡ್ಡ ತಿಂದದ್ದು ನೋಡಾಕ ಮ್ಯಾಲ ಯಾಕ ಹೋಗಬೇಕಪ್ಪ? ಇಲ್ಲಿಂದಾನ ಕಾಣ್ತೈತಿ."

ಗಣ್ಯರು ನಕ್ಕರು, ಧಣಿ ನಗಲಿಲ್ಲ. ನಾನು ನಡುವೆ ಬಾಯಿ ಹಾಕಿದೆ. "ಹೆಣೆದವ ಮೊದ್ಲು ಕುಂದ್ರಬೇಕ್ರಿ. ನಮ್ಮ ಕಟ್ಟಳಿ. ನಾ ಹೋಗಿ ಬಂದಿಂದ ಅಮ್ಮಾರು."

ಮುದುಕಿ ನನ್ನನ್ನು ನೋಡಿದಳು. "ಇವ ಯಾರೋ ಮನಷ್ಯಾ ಇದ್ದಂಗದಾನ. ಹೋಗಿ ಬಾರಪ್ಪ."

ಹಾಗೆ ಹೋದೆ. ಏನನ್ನು ನಿರೀಕ್ಷಿಸಬಹುದು? ಮೊದಲು ನೆತ್ತಿ ಸುಡುತ್ತದೆ. ತಲೆಯ ಮೇಲೊಂದು ಒಲೆ ಹುಲಿಯಂತೆ ಗುರುಗುಡುತ್ತಿರುತ್ತದೆ. ಚೀಟಿಯಲ್ಲಿ ಇದಿಲ್ಲ. ನೆಲ ಕೆಳಗೆ ಹೋಗುತ್ತದೆಯೇ ಹೊರತು ನೀವು ಮೇಲೆ ಹೋದಂತೆ ಅನಿಸುವುದಿಲ್ಲ. ಒಲೆ ಸುಮ್ಮನಾದಾಗ ಕೆಳಗಿನ ನಾಯಿ ಬೊಗಳಿದ್ದು ಕಿವಿಯ ಪಕ್ಕದಲ್ಲೇ ಬೊಗಳಿದಂತೆ ಕೇಳುತ್ತದೆ. ಶಾಂತಿಯಂತೆ ಶಾಂತಿ! ಒಂದು ಕಡೆ ಡ್ಯಾಮಿನ ನೀರು ತಗಡಿನಂತೆ ಹೊಳೆಯುತ್ತಿತ್ತು. ಇನ್ನೊಂದು ಕಡೆ ಸಂಡೂರಿನ ಗುಡ್ಡ, ಇರುವೆ ಮುತ್ತಿದ ಬೆಲ್ಲದಚ್ಚಿನಂತೆ. ಇರುವೆಗಳೆಲ್ಲ ಲಾರಿಗಳು. ಇಷ್ಟನ್ನು ತಿಂದು ಇವರು ಕಟ್ಟಿದ್ದೇನು? ಹಗ್ಗಕ್ಕೆ ಕಟ್ಟಿದ ಒಂದು ಗಾಳಿಚೀಲ. ಉಗುಳಬೇಕೆನಿಸಿತು. ಕೆಳಗೆ ಗಣ್ಯರಿದ್ದರಲ್ಲ ಎಂದು ತಡೆದುಕೊಂಡೆ. ನಿಜ ಹೇಳಬೇಕೆಂದರೆ ಬಾಯಿ ಒಣಗಿತ್ತು.

ಇಳಿಯುವಾಗ ಬುಟ್ಟಿ ನೆಲಕ್ಕೆ ಕುಕ್ಕಿತು. ಆಗ ನನ್ನ ಮೊಣಕಾಲಿನ ಬಳಿ 'ಟಕ್' ಎಂದಿತು.

ಒಲೆಯ ಗದ್ದಲದಲ್ಲಿ ಹಿಂದಿಯವನಿಗೆ ಕೇಳಲಿಲ್ಲ. ನನಗೆ ಕೇಳಿತು. ಬಗ್ಗಿ ನೋಡಿದೆ. ತೇಪೆಯ ಒಳಮಗ್ಗುಲಲ್ಲಿ ಒಂದು ದಬ್ಬೆ ಬೆರಳುದ್ದ ಸೀಳಿತ್ತು.

"ಹೆಂಗೈತಿ?" ಧಣಿ ಓಡಿಬಂದ. ಮ್ಯಾನೇಜರನೂ ಬಂದ, ಕನ್ನಡಕ ತಲೆಯ ಮೇಲಿತ್ತು. ಸಾವಿರ ಕಣ್ಣು ನನ್ನ ಮೇಲೆ.

"ಗಟ್ಟಿ ಐತ್ರಿ," ಅಂದೆ.

ಮುದುಕಿಯನ್ನು ನಾನೇ ಕೈಹಿಡಿದು ಹತ್ತಿಸಿದೆ. ಬುಟ್ಟಿ ಮೇಲೇರಿತು. ನಾನು ಸರಿಯಾಗಿ ಅದರ ಕೆಳಗೆ ನಿಂತು ಆ ಮೂಲೆಯನ್ನೇ ನೋಡುತ್ತಿದ್ದೆ. ದೂರ ನಿಲ್ಲು ಎಂದು ಯಾರೋ ಎಳೆದರು, ನಾನು ಕದಲಲಿಲ್ಲ. ಬಿದ್ದರೆ ನನ್ನ ಮೇಲೆಯೇ ಬೀಳಲಿ ಎಂದುಕೊಂಡಿದ್ದೆ. ಎಂಥ ಮೂರ್ಖ ಲೆಕ್ಕ! ಅಷ್ಟೆತ್ತರದಿಂದ ಬಿದ್ದವಳಿಗೆ ಕೆಳಗೆ ನಾನಿದ್ದರೇನು, ಬಂಡೆಯಿದ್ದರೇನು? ಇಳಿಸಿ ಎಂದು ಕೂಗಲು ಬಾಯಿ ತೆರೆದೆ. ಬ್ಯಾಂಡಿನವರು ಬಾರಿಸುತ್ತಿದ್ದರು. ಬಾಯಿ ಮುಚ್ಚಿದೆ.

ಏನೂ ಆಗಲಿಲ್ಲ. ಇಳಿದು ಬಂದ ಮುದುಕಿ ಮಗನತ್ತ ತಿರುಗಿಯೂ ನೋಡದೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು. "ನೀ ಮೊದ್ಲು ಕುಂತಿ ಅಂತ ನಾ ಕುಂತೆ ನೋಡಪ್ಪ. ಈ ಮಂದ್ಯಾಗ ಇನ್ಯಾರ ಮಾತೂ ನಂಬಂಗಿಲ್ಲ."

ಅಂದಿನಿಂದ ಬಸಣ್ಣನ ಹೋಟೆಲಿನಲ್ಲಿ ಈ ಕಥೆಯನ್ನು ನೂರು ಸಲ ಹೇಳಿದ್ದೇನೆ. ಕನ್ನಡಕ ತೆಗೆಸಿದ್ದು, ಗಣ್ಯರ ಪುಕ್ಕಲುತನ, ಮುದುಕಿ ಕೈ ಹಿಡಿದದ್ದು, ಎಲ್ಲವನ್ನೂ. ಆ ಒಂದು ಸಪ್ಪಳವನ್ನು ಮಾತ್ರ ಬಿಟ್ಟು. ಧಣಿಗಳ ಕಾಲ ಮುಗಿದ ಮೇಲೆ, ಒಳಗೆಲ್ಲ ಟೊಳ್ಳು ಮಾಡಿ ಮೇಲೆ ಗಟ್ಟಿ ಐತಿ ಅಂತಿದ್ರು ನೋಡು ಎಂದು ಜನ ಬೈದಾಗ ಎಲ್ಲರಿಗಿಂತ ಜೋರಾಗಿ ಬೈದವನು ನಾನೇ.

ಮೊನ್ನೆ ಮಿರ್ಚಿ ತಿಂದಾದ ಮೇಲೆ ಆ ಸಪ್ಪಳದ ಮಾತನ್ನು ಮೊದಲ ಸಲ ಹುಲಿಗೆವ್ವನಿಗೆ ಹೇಳಿದೆ. ಅವಳು ಎಣ್ಣೆಯ ಕಾಗದವನ್ನು ಮಡಿಚಿ ಪಕ್ಕಕ್ಕಿಟ್ಟಳು.

"ಆ ಅಮ್ಮ ಅದಾಳೇನು ಇನ್ನ?"

"ಇಲ್ಲ."

"ಮತ್ತ ನನಗ ಯಾಕ ಹೇಳಾಕತ್ತೀರಿ? ಹೋಟೆಲಿನ್ಯಾಗ ಆ ಕಥಿ ಕೇಳಿ ನಿಮಗ ಕೈ ಮುಗಿದೋರು ನಾನಲ್ಲ."

ಮರುದಿನ ಬೆಳಿಗ್ಗೆ ಹೋಟೆಲಿಗೆ ಹೋದೆ. ಬೆಂಚಿನ ತುಂಬ ಜನ. ಬಸಣ್ಣ ಯಾರೋ ಬೀಗರಿಗೆ ನನ್ನನ್ನು ತೋರಿಸಿ, "ಇವ್ರ ಬಾಯಿಂದಾನ ಕೇಳ್ರಿ, ಬಲೂನಿನ ಕಥಿ ಭಾಳ ಮಸ್ತ್ ಐತಿ," ಅಂದ. ಹೇಳಿದೆ. ಕನ್ನಡಕದ ಮಾತಿಗೆ ನಕ್ಕರು, ಗುಡ್ಡದ ಮಾತಿಗೆ ಇನ್ನೂ ನಕ್ಕರು. ಬುಟ್ಟಿ ನೆಲಕ್ಕೆ ಕುಕ್ಕುವಲ್ಲಿಗೆ ಬಂದೆ. ಅಲ್ಲಿ ನಾನು ಯಾವಾಗಲೂ ಚಹಾ ಗುಟುಕರಿಸುತ್ತೇನೆ. ಈ ಸಲ ಲೋಟ ಕೆಳಗಿಟ್ಟೆ.

"ಆವಾಗ ಒಂದು ದಬ್ಬಿ ಟಕ್ ಅಂತು," ಅಂದೆ.

ನಗುತ್ತಿದ್ದ ಬಸಣ್ಣ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದ.