ಒಂಬತ್ತು ಬಾರಿ ಎದ್ದು ನಿಂತವನು

ನೈರೋಬಿಯಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ಬೆಂಗಳೂರಿನವನಲ್ಲದೆ ಇನ್ಯಾರೂ ಮಾಡಲಾರರು. ಕಳೆದ ದಶಕದ ನಡುವಿನ ವರ್ಷಗಳು ಅವು. ಟೆಲಿಕಾಂ ಕಂಪನಿ ನನ್ನನ್ನು ರಿವರ್‌ಸೈಡಿನ ಆಫೀಸಿಗೆ ಕಳಿಸಿತ್ತು, ಮನೆ ಕಿಲೆಲೆಶ್ವಾದಲ್ಲಿ. ಏಳು ವರ್ಷದ ಮಗಳಿಗೆ ಈಜು ಕಲಿಸೋಣವೆಂದು ಒಂದು ಹಳೆಯ ಕ್ರೀಡಾ ಕ್ಲಬ್ಬಿಗೆ ಅರ್ಜಿ ಹಾಕಿದೆ. ಎಂದೋ ಹಡಗಿನಲ್ಲಿ ಭಾರತದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ನಡೆಸುತ್ತಿದ್ದ ಕ್ಲಬ್ಬು ಅದು. ಅರ್ಜಿಯಲ್ಲಿ ‘ಯಾವ ವಿಭಾಗ?’ ಎಂದು ಕೇಳಿ ಒಂಬತ್ತು ಚೌಕ ಕೊಟ್ಟಿದ್ದರು: ರಿಂಗ್, ಕ್ರಿಕೆಟ್, ಹಾಕಿ, ಟೆನಿಸ್, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಸ್ಕ್ವಾಷ್, ಕೇರಂ, ಈಜು. ನಾನು ಒಂಬತ್ತಕ್ಕೂ ಟಿಕ್ ಹಾಕಿದೆ.

ಪಿಯುಸಿ ಮುಗಿಸಿ ಕಂಡ ಕಂಡ ಕಾಲೇಜಿಗೆಲ್ಲ ಅರ್ಜಿ ಗುಜರಾಯಿಸಿದ ತಲೆಮಾರು ನಮ್ಮದು. ಚೌಕ ಖಾಲಿ ಬಿಟ್ಟು, ನಾಳೆ ಯಾರಾದರೂ ‘ನೀವು ಕೇಳಲೇ ಇಲ್ಲವಲ್ಲ’ ಅಂದುಬಿಟ್ಟರೆ? ಕ್ಲಬ್ಬಿನ ಗುಮಾಸ್ತನೂ ಏನೂ ಅನ್ನದೆ ಮೊಹರು ಒತ್ತಿದ. ಮರುದಿನವೇ ಒಂಬತ್ತು ವಾಟ್ಸಾಪ್ ಗುಂಪುಗಳಿಗೆ ನನ್ನನ್ನು ಸೇರಿಸಿದರು. ಶನಿವಾರ ಹಾಕಿಯವರು ಶೂಸಿನ ಅಳತೆ ಕೇಳಿದರು, ಕ್ರಿಕೆಟಿನವರು ಬೌಲಿಂಗ್ ಎಡಗೈಯೋ ಬಲಗೈಯೋ ಎಂದರು. ಸ್ಕ್ವಾಷ್ ಬ್ಯಾಟನ್ನು ನಾನು ಅದುವರೆಗೆ ಮುಟ್ಟಿದವನೂ ಅಲ್ಲ. ಎಲ್ಲರಿಗೂ ‘ಬರ್ತೀನಿ’ ಎಂದು ಉತ್ತರ ಕಳಿಸಿ, ಮಗಳನ್ನು ಕರೆದುಕೊಂಡು ಈಜುಕೊಳಕ್ಕೆ ಹೋಗುತ್ತಿದ್ದೆ.

ಆ ಕೊಳದ ವಿಷಯ ಹೇಳಲೇಬೇಕು. ಬೆಂಗಳೂರಿನಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮಗಳು ಇಲ್ಲಿನ ಶಾಲೆಗೆ ಸೇರಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಟೀಚರು ಕರೆಸಿ, ಮಗುವಿಗೆ ಕಿವಿ ಕೇಳಿಸುತ್ತದೆ ತಾನೇ ಎಂದು ವಿಚಾರಿಸಿದ್ದರು. ಕೊಳಕ್ಕೆ ಇಳಿದ ಮೊದಲ ದಿನ ಅವಳು ಕಿರುಚಿದಳು ನೋಡಿ, ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಎರಡೇ ವಾರದಲ್ಲಿ ಅಲ್ಲಿನ ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಜಗಳವನ್ನೂ ಆಡತೊಡಗಿದಳು.

ಅಷ್ಟರಲ್ಲಿ ವಾರ್ಷಿಕ ಸಭೆ ಬಂತು. ಅಲ್ಲೊಂದು ಪದ್ಧತಿ. ಕಾರ್ಯದರ್ಶಿ ವಿಭಾಗಗಳನ್ನು ಹುಟ್ಟಿದ ಕ್ರಮದಲ್ಲಿ, ಹಿರಿಯದು ಮೊದಲು, ಒಂದೊಂದಾಗಿ ಕೂಗುತ್ತಾರೆ. ಕೂಗಿದ ವಿಭಾಗದವರು ಎದ್ದು ನಿಲ್ಲಬೇಕು. ಕೊನೇ ಪಕ್ಷ ಇಬ್ಬರು ನಿಲ್ಲದಿದ್ದರೆ ಆ ವಿಭಾಗವನ್ನು ಅಲ್ಲೇ ಮುಚ್ಚುತ್ತಾರೆ. ಇದೊಂದೂ ನನಗೆ ಗೊತ್ತಿರಲಿಲ್ಲ. ‘ರಿಂಗ್’ ಎಂದು ಕೂಗಿದಾಗ, ಟಿಕ್ ಹಾಕಿದ್ದೇನಲ್ಲ ಎಂದು ಎದ್ದು ನಿಂತೆ. ಇಡೀ ಹಾಲಿನಲ್ಲಿ ನಾನು ಮತ್ತು ಮುಂದಿನ ಸಾಲಿನ ಒಬ್ಬ ಮುದುಕಿ, ಇಬ್ಬರೇ. ಆಕೆ ಹಿಂತಿರುಗಿ ನನ್ನನ್ನು ನೋಡಿದ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಹಿಂದಿನ ವರ್ಷದವರೆಗೂ ಅವರ ಜೊತೆ ಎದ್ದು ನಿಲ್ಲುತ್ತಿದ್ದವರು ಅವರ ಅಕ್ಕ. ಆ ಅಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತಂತೆ.

ಕ್ರಿಕೆಟ್ ಎಂದರು, ಎದ್ದೆ. ಹಾಕಿ ಎಂದರು, ಎದ್ದೆ. ಟೆನಿಸಿನ ಹೊತ್ತಿಗೆ ಹಿಂದಿನವರು ಕಿಸಕ್ಕೆಂದರು. ಕೇರಮ್ಮಿಗೆ ಎದ್ದಾಗ ಚಪ್ಪಾಳೆ ಬಿತ್ತು. ನಾನು ಪೆಚ್ಚು ಪೆಚ್ಚಾಗಿ ನಗುತ್ತ ಈಜಿಗೂ ಎದ್ದೆ. ಕಾರ್ಯದರ್ಶಿಗೆ ಮಾತ್ರ ನಗು ಬರಲಿಲ್ಲ. ಒಂದು ಕುಟುಂಬಕ್ಕೆ ಒಂದೇ ವಿಭಾಗ, ಈ ಎಣಿಕೆಯೇ ಅಸಿಂಧು, ನಾಲ್ಕು ವಾರ ಬಿಟ್ಟು ಮತ್ತೆ ಸಭೆ, ಅಷ್ಟರಲ್ಲಿ ಈ ಮಹಾಶಯರು ತಾವು ಯಾರೆಂದು ತೀರ್ಮಾನ ಮಾಡಿಕೊಳ್ಳಲಿ ಎಂದು ಗುಡುಗಿದರು. ನಾನು ಯಾರೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಚಹಾದ ಹೊತ್ತಿಗೆ ಆ ಹಿರಿಯ ಹೆಂಗಸು ನನ್ನ ಹತ್ತಿರ ಬಂದರು. “ನೀವು ಬೆಂಗಳೂರಿನವರಾ?” ಎಂದು ಕನ್ನಡದಲ್ಲಿ ಕೇಳಿದಾಗ ನನ್ನ ಕಪ್ಪಿನ ಚಹಾ ತುಳುಕಿತು. ಹುಟ್ಟಿದ್ದು ನೈರೋಬಿಯಲ್ಲೇ, ಆದರೆ ತಾಯಿ ಕುಂದಾಪುರದ ಕಡೆಯವರು. “ಅಕ್ಕ ಹೋದ ಮೇಲೆ ಈ ಭಾಷೆ ಬಾಯಿಗೇ ಬರ್ಲಿಲ್ಲ ಮಾರಾಯ್ರೆ. ಎಂತ ಮಾತಾಡಿದ್ರೂ ಇಂಗ್ಲಿಷೇ.”

ಕ್ಲಬ್ಬಿನ ಚರಿತ್ರೆಯನ್ನು ಅವರೇ ಹೇಳಿದರು. ಮದುವೆಯಾಗಿ ಹಡಗಿನಲ್ಲಿ ಬರುವಾಗ ಅವರ ತಾಯಿ ಡೆಕ್ಕಿನ ಮೇಲೆ ಹಗ್ಗದ ಉಂಗುರ ಎಸೆದು ಹಿಡಿಯುವ ಈ ರಿಂಗ್ ಆಟ ಕಲಿತರಂತೆ. ಇಲ್ಲಿಗೆ ಬಂದ ಮೇಲೆ ಬೇರೆ ಬೇರೆ ಊರಿನ, ಒಬ್ಬರ ಮಾತು ಒಬ್ಬರಿಗೆ ತಿಳಿಯದ ನಾಲ್ಕು ಹೆಂಗಸರು ಒಂದು ಹಿತ್ತಲಲ್ಲಿ ಅದನ್ನೇ ಆಡುತ್ತಿದ್ದರು. ಆಮೇಲೆ ಗಂಡಂದಿರು ಬ್ಯಾಟು ಹಿಡಿದು ಬಂದರು; ಕ್ಲಬ್ಬಾಯಿತು. ಕ್ರಿಕೆಟ್ ಕ್ಯಾಪ್ಟನ್‌ರನ್ನು ಕೇಳಿದರೆ, ಶುದ್ಧ ಸುಳ್ಳು, ಹೆಂಗಸರು ನಮ್ಮ ಹಿರಿಯರಿಗೆ ಊಟದ ಡಬ್ಬಿ ತಂದು, ಕಾಯುವಾಗ ಉಂಗುರ ಎಸೆಯುತ್ತಿದ್ದರು ಅಷ್ಟೆ ಎಂದರು. ಹಾಗಾದರೆ ಕೂಗುವಾಗ ರಿಂಗ್ ಯಾಕೆ ಮೊದಲು ಎಂದರೆ, ಅದು ಮಹಿಳೆಯರಿಗೆ ಕೊಡುವ ಮರ್ಯಾದೆಯಂತೆ. ಹಾಕಿಯವರದು ಮೂರನೆಯ ಕಥೆ. ಗೋಡೆಯ ಮೇಲಿನ ಅತಿ ಹಳೆಯ ಫೋಟೋದಲ್ಲಿ ಇಪ್ಪತ್ತು ಮೀಸೆಗಳಿದ್ದವು, ಹೆಂಗಸರು ಒಬ್ಬರೂ ಇರಲಿಲ್ಲ. ಯಾರನ್ನು ನಂಬಬೇಕೋ ತಿಳಿಯದೆ ನಾನು ಮೂವರಿಗೂ ತಲೆಯಾಡಿಸಿದೆ.

ಈಗ ರಿಂಗ್ ಅಂಗಳದ ಮೇಲೆ ಎಲ್ಲರ ಕಣ್ಣು. ಕಾರು ನಿಲ್ಲಿಸಲು ಜಾಗ ಸಾಲದು. ಅದು ಕೊಳದ ಪಕ್ಕದಲ್ಲೇ, ಗೇಟಿಗೂ ಹತ್ತಿರ. ವಿಭಾಗ ಮುಚ್ಚಿದರೆ ಬಲೆಯ ಕಂಬ ಕೀಳುತ್ತಾರೆ. ಮುಂದಿನ ಮೂರು ಶನಿವಾರ ಮಗಳು ಈಜುವಾಗ ನಾನು ಅಲ್ಲಿ ಆಡಿದೆ. ಎಪ್ಪತ್ತು ದಾಟಿದ ಆಕೆ ಸಲ್ವಾರಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಒಂದೇ ಕೈಯಲ್ಲಿ ಹಿಡಿಯಬೇಕು, ಹಿಡಿದ ಕೂಡಲೇ ಎಸೆಯಬೇಕು. ಯೋಚಿಸುತ್ತ ನಿಲ್ಲುವುದಕ್ಕೆ ಆ ಆಟದಲ್ಲಿ ಅವಕಾಶವೇ ಇಲ್ಲ. ಮಗಳು ನೀರು ಸೋರಿಸುತ್ತ ಬಲೆಯ ಪಕ್ಕ ನಿಂತು “ಕ್ಯಾಚ್ ಇಟ್, ಡ್ಯಾಡಿ!” ಎಂದು ಕೂಗುತ್ತಿದ್ದಳು. ನನಗೆ ಬಹಳ ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ಶನಿವಾರ ಆಕೆ ಉಂಗುರ ಒರೆಸುತ್ತ ಕೇಳಿದರು. “ಸಭೆಯಲ್ಲಿ ನೀವೊಬ್ಬರು ನಿಂತ್ರೆ ಸಾಕು. ಆಡ್ಲಿಕ್ಕೆ ಬರ್ಬೇಕು ಅಂತಿಲ್ಲ.”

“ನಾನಿದ್ದೀನಲ್ಲ ಆಂಟಿ, ಯೋಚ್ನೆ ಮಾಡ್ಬೇಡಿ” ಅಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಸೌಟು ಕೆಳಗಿಟ್ಟಳು. “ರೀ, ಈಜು ವಿಭಾಗದಲ್ಲಿ ಇಲ್ದಿದ್ರೆ ಇವಳನ್ನ ಪೂಲ್‌ಗೆ ಬಿಡಲ್ಲ, ಗೊತ್ತು ತಾನೇ? ಇವಳು ಬಾಯಿ ಬಿಡೋದೇ ಆ ನೀರಲ್ಲಿ.” ಗೊತ್ತಿತ್ತು. “ಮತ್ತೆ ಯಾಕ್ರೀ ಹೂಂ ಅಂದ್ರಿ? ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರೆ. ಒಂದನ್ನಾದ್ರೂ ಕಟ್ರೀ ನೀವು!” ಆಯಿತು, ಈಜೇ ಎಂದು ಅವಳಿಗೂ ಹೂಂ ಅಂದೆ.

ಆಮೇಲಿನ ವಾರ ನನ್ನ ತಲೆ ಮೊಸರು ಗಡಿಗೆಯಾಗಿತ್ತು. ಹೆಂಡತಿಯ ಹೆಸರಲ್ಲಿ ಇನ್ನೊಂದು ವಿಭಾಗ ಕೊಡಿ ಎಂದು ಕಾರ್ಯದರ್ಶಿಯನ್ನು ಕೇಳಿದೆ. ಕುಟುಂಬ ಎಂದರೆ ಕುಟುಂಬ ಎಂದರು. ಆಫೀಸಿನ ಕನ್ನಡದ ಗೆಳೆಯನನ್ನು ಸೇರಿಸೋಣವೆಂದರೆ ಸಭೆ ಮುಗಿಯುವವರೆಗೂ ಹೊಸಬರಿಗೆ ಪ್ರವೇಶವಿಲ್ಲ. ಕ್ರಿಕೆಟಿನಿಂದ ಒಬ್ಬರನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದರೆ ಆ ಕ್ಯಾಪ್ಟನ್, ಗೋತ್ರ ಬದಲಿಸಲು ಕೇಳಿದವನನ್ನು ನೋಡುವ ಹಾಗೆ ನೋಡಿದರು. ಆಕೆಗೆ ಫೋನ್ ಮಾಡಿ ನಿಜ ಹೇಳಬೇಕಿತ್ತು. ದಿನಕ್ಕೆರಡು ಸಲ ಫೋನ್ ಕೈಗೆತ್ತಿಕೊಂಡೆ. ಏನಾದರೂ ದಾರಿ ಹೊಳೆದೀತು, ಸುಮ್ಮನೆ ಯಾಕೆ ಈಗಲೇ ನೋಯಿಸಲಿ ಎಂದು ಕೆಳಗಿಟ್ಟೆ. ಹೇಡಿಗಳಿಗೆ ಇಂಥ ಕರುಣೆ ಬೇಕಾದಷ್ಟು ಇರುತ್ತದೆ.

ಭಾನುವಾರ ಬೆಳಿಗ್ಗೆ ಸಭೆ. ಮುಗಿದ ಮೇಲೆ ಈಜಬಹುದೆಂದು ಮಗಳು ಟವೆಲ್ಲಿನ ಚೀಲ ಅಪ್ಪಿಕೊಂಡು ನನ್ನ ಪಕ್ಕ ಕೂತಿದ್ದಳು. ಕಾರ್ಯದರ್ಶಿ ಕನ್ನಡಕ ಏರಿಸಿ “ರಿಂಗ್” ಎಂದು ಕೂಗಿದರು.

ಮುಂದಿನ ಸಾಲಿನಲ್ಲಿ ಆಕೆ ಎದ್ದು ನಿಂತರು. ಈ ಸಲ ಹಿಂತಿರುಗಿ ನೋಡಲಿಲ್ಲ. ನಾನಿದ್ದೇನೆ ಎಂದು ಹೇಳಿದ್ದೆನಲ್ಲ, ನೋಡುವ ಅಗತ್ಯವೇ ಅವರಿಗೆ ಇರಲಿಲ್ಲ. ನಾನು ಏಳಲು ಮುಂದಕ್ಕೆ ಬಾಗಿದೆ. ಮಗಳು ನನ್ನ ತೋಳು ಹಿಡಿದು “ನಾಟ್ ದಿಸ್ ಒನ್, ಡ್ಯಾಡಿ” ಎಂದು ಪಿಸುಗುಟ್ಟಿದಳು, ಅವಳಮ್ಮ ಹೇಳಿಕೊಟ್ಟಿದ್ದಳು. ಕೂತೇ ಇದ್ದೆ.

ಕಾರ್ಯದರ್ಶಿ ಎರಡನೆಯ ಸಲ ಕೂಗಿದರು. ಅವರು ನನ್ನ ಕಡೆಗೇ ನೋಡಿದ್ದರಿಂದ ಇಡೀ ಸಭೆ ನನ್ನ ಕಡೆ ನೋಡಿತು. ಆಗ ಆಕೆಯೂ ತಿರುಗಿದರು. ನಾನು ಕೂತಿರುವುದನ್ನು ನೋಡಿದರು, ಮಗಳ ಮಡಿಲಲ್ಲಿದ್ದ ಚೀಲವನ್ನು ನೋಡಿದರು. ಕೋಪ ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಸಣ್ಣಗೆ ತಲೆಯಾಡಿಸಿ ಕೂತುಬಿಟ್ಟರು. ಕಾರ್ಯದರ್ಶಿ ಹಾಳೆಯ ಮೇಲೆ ಒಂದು ಗೆರೆ ಎಳೆದು “ಕ್ರಿಕೆಟ್” ಎಂದರು.

ಒಂದೊಂದೇ ವಿಭಾಗ ಎದ್ದು ಕೂತಿತು. ಕೊನೆಗೆ “ಈಜು” ಎಂದಾಗ ಮಗಳ ಕೈ ಹಿಡಿದು ಎದ್ದೆ. ಸುತ್ತ ಮೂವತ್ತು ಜನ ಎದ್ದರು. ಮುಂದಿನ ಸಾಲಿನಲ್ಲಿ ಆಕೆಯೂ ಎದ್ದರು. ಈ ವಯಸ್ಸಿನಲ್ಲಿ ಈಜುತ್ತೀರಾ ಎಂದು ಯಾರೋ ತಮಾಷೆ ಮಾಡಿದರು, ಸಭೆಯೆಲ್ಲ ನಕ್ಕಿತು. ಯಾವ ವಿಭಾಗಕ್ಕೂ ನಿಲ್ಲದವರ ಹೆಸರನ್ನು ಕ್ಲಬ್ಬಿನಿಂದಲೇ ತೆಗೆಯುತ್ತೀರಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಸಮಾಧಾನವಾಗಿಯೇ ಉತ್ತರಿಸಿದರು. ಆದರೆ ಎಂಟು ವಿಭಾಗಗಳಲ್ಲಿ ಇದನ್ನೇ ಯಾಕೆ ಆರಿಸಿಕೊಂಡರೋ ನನಗೆ ಅರ್ಥವಾಗಲಿಲ್ಲ. ನನ್ನನ್ನು ಚುಚ್ಚುವುದಕ್ಕೋ ಎಂದುಕೊಂಡೆ.

ಹೊರಗೆ ಮಗಳು ಬಟ್ಟೆ ಬದಲಿಸಲು ಓಡಿದಳು. ಆಕೆ ಕೊಳದ ಅಂಚಿನ ಕುರ್ಚಿಯಲ್ಲಿ, ರಿಂಗ್ ಅಂಗಳಕ್ಕೆ ಬೆನ್ನು ಹಾಕಿ ಕೂತಿದ್ದರು. ನಾನು ಹತ್ತಿರ ಹೋಗಿ “ಆಂಟಿ, ನಾನು...” ಎಂದು ಶುರುಮಾಡಿದೆ.

ಅವರು ಪಕ್ಕದ ಕುರ್ಚಿಯನ್ನು ನನ್ನ ಕಡೆಗೆ ಎಳೆದರು. “ಕೂತ್ಕೊಳ್ಳಿ ಮಾರಾಯ್ರೆ. ಎಲ್ಲಾದ್ರೂ ಒಂದು ಕಡೆ ನಿಲ್ಬೇಕಿತ್ತು ನಂಗೆ. ಇಷ್ಟು ಜನರಲ್ಲಿ ನಂಗೆ ಕನ್ನಡ ಮಾತಾಡ್ಲಿಕ್ಕೆ ಇರೋದು ನೀವೊಬ್ರೇ ಅಲ್ವಾ?”